ಹೊಸಬರು ಇರುವಲ್ಲಿಗೇ ಮೇಜು ಹಾಕಿದೆವು: ಮಿನ್ನೆಸೋಟದ ಒಂದು ಮಾನವ ಹಕ್ಕುಗಳ ಕಮಿಷನ್‌ನಲ್ಲಿ ನನ್ನ ಅನುಭವ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನ್ನಿಯಾಪೊಲಿಸ್ ಪಕ್ಕದ ಒಂದು ಸಣ್ಣ ಸಿಟಿಯ ಮಾನವ ಹಕ್ಕುಗಳ ಕಮಿಷನ್‌ನಲ್ಲಿ ಆರೇಳು ವರ್ಷದಿಂದ ಇದ್ದೇನೆ. ಇದು ಸಿಟಿ ಕೌನ್ಸಿಲ್ ಕೆಳಗಿನ ಊರಿನವರ ಸಮಿತಿ. ಸಂಬಳ ಇಲ್ಲ, ತನಿಖೆಯ ಅಧಿಕಾರವೂ ಇಲ್ಲ. ಇಂಥ ಕಡೆ ಕೆಲಸ ಮಾಡಿದವರಿಗೆ ಇದು ಗೊತ್ತೇ ಇದೆ. ಹೊಸಬರ ಪ್ರಶ್ನೆ ಕೇಳಲು ಲಾಂಡ್ರಿಯಲ್ಲಿ (ಜನ ದುಡ್ಡು ಹಾಕಿ ತಾವೇ ಬಟ್ಟೆ ಒಗೆದುಕೊಳ್ಳುವ ಅಂಗಡಿ) ಮೇಜು ಹಾಕೋಣ ಅಂದಾಗ "ಇದೆಲ್ಲ ನಮ್ಮ ಕೆಲಸವಾ?" ಎಂದು ನಮ್ಮ ಸದಸ್ಯರೇ ಕೇಳಿದ್ದರು. ಈಗ ಅಕ್ಕಪಕ್ಕದ ಸಿಟಿಯವರು ಬಂದು ನೋಡಿಕೊಂಡು ಹೋಗುತ್ತಿದ್ದಾರೆ.

ಮೊದಲು ದುಡ್ಡಿನ ವಿಷಯ. ನಮಗೆ ಸಿಗುತ್ತಿದ್ದದ್ದು ವರ್ಷಕ್ಕೆ ಸುಮಾರು 3,000 ಡಾಲರ್. ಅರ್ಧಕ್ಕಿಂತ ಜಾಸ್ತಿ ಒಂದು ದಿನದ ಬಹುಸಂಸ್ಕೃತಿ ಹಬ್ಬಕ್ಕೇ ಹೋಗುತ್ತಿತ್ತು. ಟೆಂಟ್, ಮೈಕ್, ನೃತ್ಯ ತಂಡ. ಜನ ಸೇರುತ್ತಿದ್ದರು. ಆದರೆ ಹೊಸದಾಗಿ ಊರಿಗೆ ಬಂದ ಕುಟುಂಬಗಳು ಕಾಣುತ್ತಿರಲಿಲ್ಲ. ಶನಿವಾರ ಅವರಿಗೆ ಶಿಫ್ಟ್ ಇರುತ್ತದೆ, ಅಲ್ವಾ?

ಇನ್ನೊಂದಿಷ್ಟು ದುಡ್ಡು ಕರಪತ್ರಕ್ಕೆ. ಸೊಮಾಲಿ, ಹ್ಮಾಂಗ್ (ಲಾವೋಸ್ ಕಡೆಯಿಂದ ಬಂದವರ ಭಾಷೆ), ಸ್ಪ್ಯಾನಿಷ್ ಮೂರಕ್ಕೂ ಅನುವಾದ, ಅಚ್ಚು ಸೇರಿ 800 ಡಾಲರ್ ಹತ್ತಿರ ಆಯಿತು. ಬಹುಪಾಲು ಲೈಬ್ರರಿಯಲ್ಲೇ ಉಳಿದವು. ಸೊಮಾಲಿಗೆ ಅಧಿಕೃತ ಲಿಪಿ ಬಂದದ್ದೇ 1972ರಲ್ಲಿ. ಹ್ಮಾಂಗ್ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯಲು ಶುರುವಾದದ್ದು 1950ರ ದಶಕದಲ್ಲಿ. ಈ ಸಮುದಾಯಗಳ ಹಿರಿಯರಲ್ಲಿ ಎಷ್ಟೋ ಜನ ತಮ್ಮ ಭಾಷೆಯನ್ನು ಓದಿ ಅಭ್ಯಾಸವಿಲ್ಲದವರು. ಅವರಿಗೆ ಕಾಗದಕ್ಕಿಂತ ಬಾಯಿಮಾತು ಮೇಲು.

ಹಾಗಾಗಿ ತಿಂಗಳಿಗೆ ಎರಡು ಭಾನುವಾರ ಸಂಜೆ ಲಾಂಡ್ರಿಯಲ್ಲಿ ಕೂತೆವು. ಬಟ್ಟೆ ಒಣಗುವ ತನಕ ಜನ ಎಲ್ಲೂ ಹೋಗುವುದಿಲ್ಲ. ಬೋರ್ಡಿನಲ್ಲಿ ಮಾನವ ಹಕ್ಕು ಅಂತ ಬರೆಯಲಿಲ್ಲ. "ಬಾಡಿಗೆ, ಪಾರ್ಕಿಂಗ್, ಶಾಲೆ: ಏನಿದ್ದರೂ ಕೇಳಿ" ಅಷ್ಟೇ. ಒಂದು ಭಾನುವಾರ ದುಭಾಷಿ ಜೊತೆಯಲ್ಲೇ ಇರುತ್ತಾರೆ. ಗಂಟೆಗೆ 65 ಡಾಲರ್ ಆಸುಪಾಸು, ಕನಿಷ್ಠ ಎರಡು ಗಂಟೆ. ಇನ್ನೊಂದು ಭಾನುವಾರ ಫೋನಿನಲ್ಲಿ, ನಿಮಿಷಕ್ಕೆ ಒಂದು ಡಾಲರ್‌ಗಿಂತ ಸ್ವಲ್ಪ ಕಡಿಮೆ. ವರ್ಷಕ್ಕೆ ಎರಡು ಸಾವಿರ ಚಿಲ್ಲರೆ ಇದಕ್ಕೇ ಬೇಕು. ಇದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಮನೆ ಖಾಲಿ ಮಾಡುವ ನೋಟಿಸನ್ನು ಒಬ್ಬ ಪುಟ್ಟ ಹುಡುಗಿ ಅಮ್ಮನಿಗೆ ಓದಿ ಹೇಳುತ್ತಿದ್ದದ್ದನ್ನು ನೋಡಿದ್ದೇನೆ. ಮಕ್ಕಳ ಮೇಲೆ ಆ ಭಾರ ಹಾಕಬಾರದು.

ಮೊದಲ ಚಳಿಗಾಲ ಪೂರ್ತಿ ಬಂದದ್ದು ಒಂದೇ ಗೋಳು: ಸ್ನೋ ಎಮರ್ಜೆನ್ಸಿ (ಹಿಮ ತೆಗೆಯಲು ಬೀದಿಯಲ್ಲಿ ಕಾರು ನಿಲ್ಲಿಸಬಾರದೆಂಬ ಆದೇಶ) ಗೊತ್ತಾಗದೆ ಕಾರು ಟೋ ಆಯಿತು, ಅಂದರೆ ಎಳೆದುಕೊಂಡು ಹೋದರು. ಬಿಡಿಸಿಕೊಳ್ಳಲು 200, 300 ಡಾಲರ್. ಕೆಲವರಿಗೆ ಅದು ವಾರದ ಸಂಬಳದ ಅರ್ಧ. ನಮ್ಮ ದುಭಾಷಿ ತಮ್ಮ ದನಿಯಲ್ಲಿ ಅರ್ಧ ನಿಮಿಷದ ವಾಟ್ಸಾಪ್ ಸಂದೇಶ ಮಾಡಿ ಕೊಟ್ಟರು. ಅದು ಮನೆಯಿಂದ ಮನೆಗೆ ಹೋಯಿತು, ಖರ್ಚು ಸೊನ್ನೆ. ಮರುವರ್ಷ ಸಿಟಿಯೇ ಮೂರು ಭಾಷೆಗಳಲ್ಲಿ ದನಿ ಸಂದೇಶ ಶುರು ಮಾಡಿತು. ಈ ಬದಲಾವಣೆ ನಮ್ಮ ಮೇಜಿನಿಂದಲೇ ಆದದ್ದು ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಪಾರ್ಕಿಂಗ್ ಕೇಳಿ ಹೋದವರೇ ಮೂರ್ನಾಲ್ಕು ಸಲ ಆದಮೇಲೆ ನಿಜವಾದ ವಿಷಯ ತೆಗೆದರು. ಹೀಟರ್ ಸರಿಯಿಲ್ಲ. ಅಡ್ವಾನ್ಸ್ ವಾಪಸ್ ಬಂದಿಲ್ಲ. ಹೆಸರು ಕೇಳಿದ ಕೂಡಲೇ ಮಾಲೀಕರು "ಮನೆ ಬೇರೆಯವರಿಗೆ ಕೊಟ್ಟಾಯ್ತು" ಎಂದರು. ಇಲ್ಲಿನ ಕಾನೂನು ಸ್ಪಷ್ಟವಾಗಿದೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮನೆಯೊಳಗೆ 68 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 20 ಸೆಲ್ಸಿಯಸ್) ಬಿಸಿ ಇರಬೇಕು. ಮನೆ ಬಿಟ್ಟು ಹೊಸ ವಿಳಾಸ ಕೊಟ್ಟರೆ 3 ವಾರದಲ್ಲಿ ಅಡ್ವಾನ್ಸ್ ಕೊಡಬೇಕು, ಇಲ್ಲವೇ ಯಾಕೆ ಹಿಡಿದುಕೊಂಡೆವು ಎಂದು ಬರೆದು ತಿಳಿಸಬೇಕು. ತಾರತಮ್ಯದ ದೂರನ್ನು ರಾಜ್ಯದ ಮಾನವ ಹಕ್ಕುಗಳ ಇಲಾಖೆಗೆ 1 ವರ್ಷದೊಳಗೆ ಕೊಡಬೇಕು. ಎಷ್ಟೋ ಜನರಿಗೆ ಈ ಗಡುವು ಗೊತ್ತಾಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಈ ಕಮಿಷನ್ ಇರಬೇಕಾದದ್ದು ಅದಕ್ಕಾಗಿಯೇ ಎಂದು ನನಗನಿಸುತ್ತದೆ.

ನೀವೂ ಇಂಥ ಮೇಜು ಹಾಕುವುದಾದರೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಸಂಖ್ಯೆ) ಆಗುವಷ್ಟು ಸದಸ್ಯರು ಬರಬೇಡಿ. ಕಮಿಷನ್ ವಿಷಯ ಮಾತಾಡಿದರೆ ಓಪನ್ ಮೀಟಿಂಗ್ ಕಾನೂನಿನ (ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕೆಂಬ ನಿಯಮ) ತಲೆನೋವು. ನಾವು ಇಬ್ಬರೇ ಹೋಗುತ್ತೇವೆ. ಬಂದವರ ಹೆಸರು, ವಿಳಾಸ ಬರೆದುಕೊಳ್ಳುವುದಿಲ್ಲ. ಸಿಟಿಯ ಕಾಗದದಲ್ಲಿ ಬರೆದದ್ದು ಯಾರ ಕೈಗೆ ಹೋಗುತ್ತದೋ ಎಂಬ ಭಯ ಜನರಿಗಿದೆ, ಆ ಭಯಕ್ಕೆ ಕಾರಣವೂ ಇದೆ. ಎಷ್ಟು ಪ್ರಶ್ನೆ, ಯಾವ ವಿಷಯ, ಇಷ್ಟನ್ನೇ ಗೆರೆ ಹಾಕಿ ಲೆಕ್ಕ ಇಡುತ್ತೇವೆ. ಕೌನ್ಸಿಲ್‌ಗೆ ಅಷ್ಟು ಸಾಕು.

ನಡುವೆ ಮನೆ ಮಾಲೀಕರಿಗೂ ಒಂದು ಸಂಜೆ ಇಟ್ಟಿದ್ದೆವು. ಬಂದದ್ದು ಬೆರಳೆಣಿಕೆಯ ಜನ. ಆದರೂ ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಇಲ್ಲದವರಿಂದ ಅದರ ಬದಲು ಸಂಬಳದ ಚೀಟಿ ನೋಡಲು ಇಬ್ಬರು ಒಪ್ಪಿದರು. 2023ರ ಅಕ್ಟೋಬರ್‌ನಿಂದ ವಲಸೆ ದಾಖಲೆ ನೋಡದೆ ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಾರೆ. ಆಗ ಪರೀಕ್ಷೆಯ ಅಭ್ಯಾಸಕ್ಕೂ ಮೇಜು ಬಳಸಿದೆವು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಜನ ಬಂದರು.

ಲಾಂಡ್ರಿ ಮಾಲೀಕರನ್ನು ಹೇಗೆ ಒಪ್ಪಿಸಿದೆ, ದುಭಾಷಿಯನ್ನು ಆರಿಸುವ ಮೊದಲು ಏನು ಕೇಳುತ್ತೇನೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಬಂದು ಜೊತೆಗೆ ಕೂತರೆ ಹೇಳಿಕೊಡುತ್ತೇನೆ.

ಈ ವರ್ಷ ಕೌನ್ಸಿಲ್ 4,500 ಡಾಲರ್ ಹತ್ತಿರ ಕೊಟ್ಟಿದೆ. ಕರೆನ್ (ಮ್ಯಾನ್ಮಾರ್ ಕಡೆಯಿಂದ ಬಂದವರ) ಭಾಷೆಗೂ ದುಭಾಷಿ ಬೇಕು. ಭಾನುವಾರ ಸಂಜೆ ಬಿಡುವಿರುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.