ತೆಗೆದುಹಾಕಿದ ಮೇಲೂ ಕೆಲಸ ಬಾಕಿ ಇರುತ್ತದೆ

ಬಳಕೆದಾರರು ವಿಡಿಯೊ, ಆಡಿಯೊ ಹಾಕುವ ತಾಣವೊಂದಕ್ಕೆ ಅಮೆರಿಕದಿಂದ ಬರುವ ಕಾಪಿರೈಟ್ ದೂರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿನ 1998ರ ಡಿಎಂಸಿಎ (ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಆ್ಯಕ್ಟ್) ಕಾಯ್ದೆ ತಂದ ಸೆಕ್ಷನ್ 512ರ ಪ್ರಕಾರ, ಷರತ್ತು ಪಾಲಿಸಿದ ತಾಣ ಬಳಕೆದಾರರ ಉಲ್ಲಂಘನೆಗೆ ಪರಿಹಾರ ಕಟ್ಟಬೇಕಾಗಿಲ್ಲ. ಇದಕ್ಕೇ ಸೇಫ್ ಹಾರ್ಬರ್ ಎನ್ನುವುದು.

ಮೊದಲು ಏಜೆಂಟರ, ಅಂದರೆ ತಾಣದ ಪರವಾಗಿ ದೂರು ಸ್ವೀಕರಿಸುವವರ, ನೋಂದಣಿ ಮುಗಿಸಿದೆವು. ಅಮೆರಿಕದ ಕಾಪಿರೈಟ್ ಆಫೀಸಿನ ಆನ್‌ಲೈನ್ ಡೈರೆಕ್ಟರಿಯಲ್ಲಿ ಹೆಸರು, ವಿಳಾಸ ತುಂಬಿ 6 ಡಾಲರ್ ಕಟ್ಟಿದರೆ ಆಯಿತು. ಮೂರು ವರ್ಷದೊಳಗೆ ನವೀಕರಿಸದಿದ್ದರೆ ನೋಂದಣಿ ರದ್ದಾಗುತ್ತದೆ. ಅದೇ ವಿವರ ತಾಣದಲ್ಲೂ ಕಾಣುವಂತಿರಬೇಕು.

ದೂರು ಬಂದಾಗ ನಾನು ಮೊದಲು ಹುಡುಕುವುದು ಲಿಂಕ್. ‘ನನ್ನ ಹಾಡುಗಳೆಲ್ಲ ನಿಮ್ಮಲ್ಲಿವೆ, ತೆಗೆಯಿರಿ’ ಎಂದಷ್ಟೇ ಬರೆದರೆ ಯಾವುದನ್ನು ತೆಗೆಯುವುದು? ಯಾವ ಕೃತಿ, ಎಲ್ಲಿದೆ, ದೂರುದಾರರನ್ನು ಸಂಪರ್ಕಿಸುವುದು ಹೇಗೆ ಎಂಬುದು ಸ್ಪಷ್ಟವಾಗಿದ್ದು ಸಹಿಯೊಂದೇ ಬಿಟ್ಟುಹೋಗಿದ್ದರೆ ಸುಮ್ಮನೆ ಕೂರುವಂತಿಲ್ಲ, ಕೇಳಿ ಪಡೆಯಬೇಕು. ಲಿಂಕ್ ಇಲ್ಲದವರಿಗೂ ನಾವು ಉತ್ತರ ಬರೆಯುತ್ತೇವೆ. ನಿಜವಾಗಿ ನಷ್ಟವಾದ ಕಲಾವಿದರು ಎಷ್ಟೋ ಸಲ ಹೀಗೆಯೇ ಬರೆದಿರುತ್ತಾರೆ.

ದೂರು ಸರಿಯಿದ್ದರೆ ತಡಮಾಡದೆ ತೆಗೆಯುತ್ತೇವೆ. ಬಹಳ ತಾಣಗಳು ಅಲ್ಲಿಗೇ ಕೈತೊಳೆದುಕೊಳ್ಳುತ್ತವೆ. ನನ್ನ ಪ್ರಕಾರ ಅರ್ಧ ಕೆಲಸ ಅಲ್ಲಿಂದಾಚೆಗೇ ಇದೆ.

ಸಂಗೀತ ಕಲಿಸುವ ಒಬ್ಬರು ಹಾಡಿನ ಕೆಲವೇ ಸೆಕೆಂಡುಗಳನ್ನು ಕೇಳಿಸಿ, ಅದರ ಸ್ವರಗಳನ್ನು ಬಿಡಿಸಿ ತೋರಿಸಿದ್ದರು. ದೂರು ಬಂತು, ಪಾಠ ಹೋಯಿತು. ಇಂಥವರಿಗೆ ಕೌಂಟರ್ ನೋಟಿಸ್, ಅಂದರೆ ತೆಗೆದದ್ದನ್ನು ಮರಳಿ ಹಾಕಿ ಎಂದು ಕೇಳುವ ಪ್ರತ್ಯುತ್ತರ, ಕಳಿಸುವ ಹಕ್ಕಿದೆ, ಆದರೆ ಅದರ ಒಕ್ಕಣೆ ಓದಿದರೆ ಎದೆ ನಡುಗುತ್ತದೆ: ತಪ್ಪು ಗ್ರಹಿಕೆಯಿಂದ ತೆಗೆಯಲಾಗಿದೆ ಎಂದು, ಸುಳ್ಳಾದರೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಡುತ್ತೇನೆಂದು ಒಪ್ಪಿ, ಹೇಳಬೇಕು, ಹೆಸರು, ವಿಳಾಸ, ಫೋನ್ ಕೊಡಬೇಕು, ಅಮೆರಿಕದ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಬೇಕು. ಅದರ ಪ್ರತಿ ದೂರುದಾರರಿಗೂ ಹೋಗುತ್ತದೆ. ನ್ಯಾಯ ತಮ್ಮ ಕಡೆಗಿದ್ದರೂ ಜನ ಹಿಂದೆ ಸರಿಯುವುದು ಈ ಭಯಕ್ಕೇ.

ಹಾಗಾಗಿ ‘ನಿಮ್ಮ ವಿಡಿಯೊ ತೆಗೆದಿದ್ದೇವೆ’ ಎಂಬ ಮೇಲ್ ಅನ್ನು ಹೊಸದಾಗಿ ಬರೆದೆವು. ಯಾರ ದೂರು, ಯಾವ ಭಾಗದ ಬಗ್ಗೆ, ಉತ್ತರ ಕೊಟ್ಟರೆ ಏನಾಗುತ್ತದೆ, ವಿಳಾಸ ಯಾರಿಗೆ ತಲುಪುತ್ತದೆ, ಎಲ್ಲ ಸರಳ ಮಾತಿನಲ್ಲಿ. ಆ ಶಿಕ್ಷಕರು ಓದಿ, ಯೋಚಿಸಿ ಕೌಂಟರ್ ನೋಟಿಸ್ ಕಳಿಸಿದರು. ದೂರುದಾರರು ದಾವೆ ಹೂಡಿದ್ದೇವೆ ಎಂದು ತಿಳಿಸದಿದ್ದರೆ, 10ರಿಂದ 14 ಕೆಲಸದ ದಿನಗಳ ನಡುವೆ ನಾವು ಮರಳಿ ಹಾಕಬೇಕು. ಅವರು ಹೂಡಲಿಲ್ಲ. ಪಾಠ ಮರಳಿತು.

ಸೇಫ್ ಹಾರ್ಬರ್‌ಗೆ ಇನ್ನೊಂದು ಷರತ್ತೂ ಇದೆ: ಪದೇ ಪದೇ ಉಲ್ಲಂಘಿಸುವವರ ಖಾತೆ ಮುಚ್ಚುವ ನಿಯಮವನ್ನು ಕಾಗದದಲ್ಲಿ ಬರೆದಿಟ್ಟರೆ ಸಾಲದು, ಜಾರಿ ಮಾಡಲೇಬೇಕು. ಇಂಟರ್ನೆಟ್ ಸಂಪರ್ಕ ಕೊಡುವ ಕಾಕ್ಸ್ ಕಂಪನಿಗೆ ಸೇಫ್ ಹಾರ್ಬರ್ ಸಿಗುವುದಿಲ್ಲವೆಂದು 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಈ ಕಾರಣಕ್ಕೇ. ನಾವೂ ಖಾತೆವಾರು ಲೆಕ್ಕ ಇಡುತ್ತೇವೆ. ಕೌಂಟರ್ ನೋಟಿಸ್ ಬಂದು ವಿಡಿಯೊ ಮರಳಿದ್ದರೆ, ಆ ದೂರನ್ನು ಲೆಕ್ಕದಿಂದ ಅಳಿಸುತ್ತೇವೆ.