ಜೋಡಿ ಮಂಚದ ಸಣ್ಣ ಮೋಟರ್‌ಹೋಮ್: ನಡುವಿನ ಓಣಿಯಿಂದಲೇ ಲೆಕ್ಕ ಶುರು

ಸಣ್ಣ ಮೋಟರ್‌ಹೋಮ್‌ನಲ್ಲಿ, ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆ ಜಾಗವಿರುವ ಗಾಡಿಯಲ್ಲಿ, ಜೋಡಿ ಮಂಚ (ಒಬ್ಬೊಬ್ಬರಿಗೆ ಒಂದರಂತೆ ಬೇರೆಬೇರೆ ಎರಡು ಮಂಚ) ಬೇಕು ಎಂದು ನಿರ್ಧರಿಸಿದವರು ಮೊದಲು ಕೇಳುವುದು ಹಾಸಿಗೆ ಎಷ್ಟು ಉದ್ದ, ಎಷ್ಟು ಅಗಲ ಎಂದು. ನಾವು ಲೆಕ್ಕ ಶುರು ಮಾಡಿದ್ದು ಎರಡು ಹಾಸಿಗೆಗಳ ನಡುವಿನ ಓಣಿಯಿಂದ. ಡಬಲ್ ಮಂಚಕ್ಕೆ ಇಲ್ಲದ, ಜೋಡಿ ಮಂಚಕ್ಕೆ ಮಾತ್ರ ಬೀಳುವ ಖರ್ಚು ಅದು. 45 ಸೆಂ.ಮೀ. ಅಗಲ, 1.95 ಮೀ. ಉದ್ದದ ಓಣಿ ಹತ್ತಿರಹತ್ತಿರ 0.9 ಚದರ ಮೀಟರ್ ನೆಲ ನುಂಗುತ್ತದೆ. ಮೋಟರ್‌ಹೋಮ್ ಆಗಿಸಿದ 6.36 ಮೀಟರ್ ಉದ್ದದ ವ್ಯಾನಿನಲ್ಲಿ ಚಾಲಕನ ಸೀಟಿನ ಹಿಂದೆ ಸಿಗುವುದೇ ಸುಮಾರು 7 ಚದರ ಮೀಟರ್. ಎಂಟರಲ್ಲಿ ಒಂದು ಪಾಲು ಓಣಿಗೇ ಹೋಯಿತು. ಆ ಪಾಲು ಹಗಲಲ್ಲೂ ಕೆಲಸಕ್ಕೆ ಬಂದರೆ ನಕ್ಷೆ ಚೆನ್ನಾಗಿದೆ ಎಂದರ್ಥ. ಬರೀ ಮಂಚ ಹತ್ತುವ ಮೆಟ್ಟಿಲಿಗೆ ಮೀಸಲಾದರೆ ಡಬಲ್ ಮಂಚವೇ ವಾಸಿ.

ಜೋಡಿ ಮಂಚ ಯಾಕೆ ಎಂಬುದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಅಡ್ಡಲಾಗಿ ಹಾಕಿದ ಡಬಲ್ ಮಂಚದಲ್ಲಿ ಒಳಬದಿ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು. ವ್ಯಾನಿನ ಅಗಲದಲ್ಲಿ ಅಡ್ಡ ಮಲಗಿದರೆ ಎತ್ತರದವರಿಗೆ ಕಾಲು ಚಾಚಲೂ ಆಗುವುದಿಲ್ಲ. ಉದ್ದುದ್ದ ಹಾಕಿದ ಜೋಡಿ ಮಂಚದಲ್ಲಿ ಈ ಎರಡು ಕಾಟವೂ ಇಲ್ಲ.

ನಾವು ಅಳತೆಗೆ ಇಟ್ಟುಕೊಂಡದ್ದು ಫಿಯೆಟ್ ಡುಕಾಟೊ ಎಂಬ ಸರಕು ವ್ಯಾನು. ಇದರ 5.99 ಮೀ. ಉದ್ದದ ಮಾದರಿಯಲ್ಲಿ ಸರಕಿನ ಜಾಗದ ಉದ್ದ ಸುಮಾರು 3.70 ಮೀ., 6.36 ಮೀಟರಿನದರಲ್ಲಿ 4.07 ಮೀ. ಒಳಗಿನ ಅಗಲ ತಗಡಿನಿಂದ ತಗಡಿಗೆ 1.87 ಮೀ. ಇನ್ಸುಲೇಶನ್ (ಬಿಸಿ-ಚಳಿ ತಡೆಯುವ ಪದರ), ಪ್ಲೈವುಡ್ ಪ್ಯಾನೆಲ್ ಎಂದು ಎರಡೂ ಬದಿಗೆ ಮೂರು-ಮೂರೂವರೆ ಸೆಂ.ಮೀ. ಹೋದರೆ ಉಳಿಯುವುದು 1.80 ಮೀ. ಇದನ್ನು ನಾವು 68, 44, 68 ಎಂದು ಹಂಚಿದೆವು. ಓಣಿ 40 ಸೆಂ.ಮೀ.ಗಿಂತ ಕಿರಿದಾದರೆ ನೇರ ನಡೆಯಲಾಗುವುದಿಲ್ಲ, ಅಡ್ಡ ಸರಿಯಬೇಕು. 50 ದಾಟಿದರೆ ಹಾಸಿಗೆ 65ಕ್ಕೆ ಇಳಿಯುತ್ತದೆ, ಮಗ್ಗುಲು ಬದಲಿಸುವಾಗ ಪ್ರತಿ ಸಲವೂ ಎಚ್ಚರವಾಗುತ್ತದೆ. 68 ಸೆಂ.ಮೀ. ಕೇಳುವುದಕ್ಕೆ ಕಡಿಮೆ ಅನಿಸಬಹುದು. ಆದರೆ ಒಂದು ಬದಿ ತೆರೆದಿರುವ ಕಾರಣ ಮೊಣಕೈ ಓಣಿಗೆ ಚಾಚಿಕೊಳ್ಳುತ್ತದೆ. ಎರಡೂ ಬದಿ ಗೋಡೆಯಿರುವ 68 ಬೇರೆ, ಇದು ಬೇರೆ. ಕೆಲವು ನಕ್ಷೆಗಳಲ್ಲಿ ಹಾಸಿಗೆ ಭುಜದ ಬಳಿ 80 ಇದ್ದು ಪಾದದ ಬಳಿ 60ಕ್ಕೆ ಇಳಿಯುತ್ತದೆ. ಕ್ಯಾಟಲಾಗ್‌ನಲ್ಲಿ ಅಚ್ಚಾಗುವುದು ಆ 80 ಮಾತ್ರ. ಅದರಿಂದ ತಲೆ, ಸೊಂಟ, ಪಾದ ಮೂರೂ ಕಡೆ ಟೇಪ್ ಹಿಡಿದು ಅಗಲ ಬರೆದುಕೊಳ್ಳಬೇಕು.

ಉದ್ದಕ್ಕೆ ಮಲಗುವವರ ಎತ್ತರದ ಮೇಲೆ 10 ಸೆಂ.ಮೀ. ಸೇರಿಸಿ. ಹೊಟ್ಟೆ ಅಡಿಯಾಗಿ ಮಲಗುವವರಿಗೆ ಪಾದ ಚಾಚುವುದರಿಂದ ಇನ್ನೂ ಐದಾರು ಬೇಕು. ಇಬ್ಬರಿಗೂ ಒಂದೇ ಉದ್ದ ಬೇಕೆಂಬ ಹಟ ಬೇಡ. ಒಂದು ಮಂಚ 1.95, ಇನ್ನೊಂದು 1.85 ಮಾಡಿದರೆ ಗಿಡ್ಡ ಮಂಚದ ತುದಿಯಲ್ಲಿ 10 ಸೆಂ.ಮೀ. ಉಳಿದು, ಬಟ್ಟೆ ಕಪಾಟು ಅಷ್ಟು ಆಳವಾಗುತ್ತದೆ. ಸಣ್ಣ ವ್ಯಾನಿನಲ್ಲಿ 10 ಸೆಂ.ಮೀ. ಎಂದರೆ ಹ್ಯಾಂಗರ್ ನೇರ ನಿಲ್ಲುವುದಕ್ಕೂ ಓರೆಯಾಗುವುದಕ್ಕೂ ಇರುವ ವ್ಯತ್ಯಾಸ. ಕಪಾಟು ಅಥವಾ ಫ್ರಿಜ್ ಕೆಳಗೆ ಕಾಲು ತೂರಿಸುವ ಗೂಡು ಇರುವ ನಕ್ಷೆಯಾದರೆ, ಹಾಸಿಗೆಯ ಮೇಲಿನಿಂದ ಗೂಡಿನ ಚಾವಣಿಗೆ ಕನಿಷ್ಠ 40 ಸೆಂ.ಮೀ. ಇದೆಯೇ ನೋಡಿ. ಅಂಗಾತ ಮಲಗಿದಾಗ ಪಾದ ನಿಲ್ಲುವ ಎತ್ತರದ ಮೇಲೆ ದಪ್ಪ ರಜಾಯಿಯೂ ಬರುತ್ತದೆ.

ಈಗ ಉದ್ದದ ಲೆಕ್ಕ. ಹಿಂಬಾಗಿಲ ಇನ್ಸುಲೇಶನ್‌ಗೆ 5 ಸೆಂ.ಮೀ., ಮಂಚ 1.95 ಮೀ., ಬಾತ್‌ರೂಮ್ 80 ಸೆಂ.ಮೀ., ಬೆಲ್ಟ್ ಇರುವ ಹಿಂದಿನ ಸೀಟು ಮತ್ತು ಕಾಲಿಡುವ ಜಾಗಕ್ಕೆ 95. ಒಟ್ಟು 3.75 ಮೀ. ಆಯಿತು. 5.99 ಮೀಟರಿನ ವ್ಯಾನಿನಲ್ಲಿ ಇದು 5 ಸೆಂ.ಮೀ. ಕಡಿಮೆ ಬೀಳುತ್ತದೆ, ಅಡುಗೆ ಕಟ್ಟೆ ಬಾತ್‌ರೂಮಿನ ಎದುರು ಕೂತು ಪಕ್ಕದ ಬಾಗಿಲಿಗೆ ಅರ್ಧ ಅಡ್ಡ ಬರುತ್ತದೆ. ಆರು ಮೀಟರಿನೊಳಗೆ ಪೂರ್ತಿ ಉದ್ದದ ಜೋಡಿ ಮಂಚ ಕೊಡುತ್ತೇವೆ ಎನ್ನುವ ನಕ್ಷೆ ಕಂಡರೆ ಎಲ್ಲಿ ಕತ್ತರಿ ಹಾಕಿದ್ದಾರೆ ಎಂದು ಹುಡುಕಿ. ಸಾಮಾನ್ಯವಾಗಿ ಬಾತ್‌ರೂಮ್ 70ಕ್ಕೆ ಇಳಿದಿರುತ್ತದೆ, ಇಲ್ಲವೇ ಹಿಂದಿನ ಸೀಟೇ ಇರುವುದಿಲ್ಲ. ಪ್ರಯಾಣ ಮಾಡುವವರು ಇಬ್ಬರೇ ಆದರೆ ಹಿಂದಿನ ಸೀಟು ಹೋಗುವುದೇ ಒಳ್ಳೆಯ ಕತ್ತರಿ. ಮುಂದಿನ ಎರಡು ಸೀಟು ಹಿಂದಕ್ಕೆ ತಿರುಗುವಂತಿದ್ದರೆ ಅದೇ ಕೂರುವ ಕೋಣೆ.

ಇನ್ನು ಓಣಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ನಮ್ಮ ಆಯ್ಕೆ ನಿಂತದ್ದು ಇದರ ಮೇಲೆ.

ಮೊದಲನೆಯದು ಗ್ಯಾರೇಜ್ ಮಾದರಿ. ಮಂಚ ಎತ್ತರದಲ್ಲಿ, ಕೆಳಗೆ ಸೈಕಲ್, ಮೇಜು, ಕುರ್ಚಿ. ಓಣಿ ಎರಡು-ಮೂರು ಮೆಟ್ಟಿಲು ಹತ್ತಿ ಅಲ್ಲೇ ಮುಗಿಯುತ್ತದೆ. ದೊಡ್ಡ ಬಾಡಿಯ ಗಾಡಿಗಳಲ್ಲಿ ಇದು ಚೆನ್ನ, ವ್ಯಾನಿನಲ್ಲಿ ತಲೆಯ ಮೇಲಿನ ಜಾಗ ಕೈಕೊಡುತ್ತದೆ. ಡುಕಾಟೊದ ನಡು ಎತ್ತರದ ಚಾವಣಿ ಒಳಗೆ 1.93 ಮೀ. ನೆಲ, ಚಾವಣಿಯ ಪ್ಯಾನೆಲ್ ಕಳೆದರೆ 1.86. ಹಾಸಿಗೆಯ ಮೇಲ್ಮೈ 85 ಸೆಂ.ಮೀ.ನಲ್ಲಿದ್ದರೆ ಮೇಲೆ ಉಳಿಯುವುದು 1.01 ಮೀ., ಅದರಲ್ಲಿ ತಲೆಮೇಲಿನ ಕಪಾಟು 30 ಸೆಂ.ಮೀ. ತಿಂದರೆ 71. ಬೆನ್ನು ನೇರ ಮಾಡಿ ಕೂತ ದೊಡ್ಡವರಿಗೆ ಆಸನದಿಂದ ನೆತ್ತಿಯವರೆಗೆ 85ರಿಂದ 95 ಸೆಂ.ಮೀ. ಬೇಕು. ಬೆಳಿಗ್ಗೆ ಎದ್ದ ಕೂಡಲೇ ಹಣೆಗೆ ಕಪಾಟಿನ ಅಂಚು ಬಡಿಯುವುದು ಇಲ್ಲೇ. ಗ್ಯಾರೇಜ್ ಬೇಕೇ ಬೇಕು ಎನ್ನುವವರು 2.17 ಮೀ. ಒಳ ಎತ್ತರದ ಚಾವಣಿಯನ್ನೇ ತೆಗೆದುಕೊಳ್ಳಬೇಕು, ಆಗ ಕಪಾಟಿನ ಕೆಳಗೆ 95ರ ಹತ್ತಿರ ಸಿಗುತ್ತದೆ.

ಎರಡನೆಯದು ಹಿಂದೆ ಪೂರ್ತಿ ಅಗಲಕ್ಕೆ ಬಾತ್‌ರೂಮ್, ಅದರ ಮುಂದೆ ಜೋಡಿ ಮಂಚ. ಓಣಿ ಬಾತ್‌ರೂಮಿಗೆ ದಾರಿ, ಅಂದರೆ ಹಗಲೂ ರಾತ್ರಿಯೂ ದುಡಿಯುತ್ತದೆ. ಸ್ನಾನಕ್ಕೆ ಇಷ್ಟು ಜಾಗ ಬೇರೆ ಯಾವ ನಕ್ಷೆಯಲ್ಲೂ ಸಿಗದು. ಬಾತ್‌ರೂಮಿಗೆ 85, ಮಂಚಕ್ಕೆ 1.95, ಬಾಗಿಲಿಗೆ 5 ಕಳೆದರೆ ದೊಡ್ಡ ವ್ಯಾನಿನಲ್ಲೂ ಅಡುಗೆ, ಫ್ರಿಜ್, ಬಟ್ಟೆ ಎಲ್ಲಕ್ಕೂ ಸೇರಿ 1.22 ಮೀ. ಅದರಲ್ಲಿ ಒಂದು ಬದಿ ಸುಮಾರು 1.25 ಮೀಟರಿನ ಜಾರುಬಾಗಿಲೇ. ಬೆಳಿಗ್ಗೆ ಒಬ್ಬರು ಒಲೆ ಹಚ್ಚಿದರೆ ಇನ್ನೊಬ್ಬರು ಹಾಸಿಗೆ ಬಿಟ್ಟು ಏಳುವಂತಿಲ್ಲ.

ಮೂರನೆಯದು ತಗ್ಗು ಮಂಚ, ನಡುವೆ ಬಾತ್‌ರೂಮ್, ಓಣಿ ನೇರ ಹಿಂಬಾಗಿಲಿಗೆ. ಹಗಲಲ್ಲಿ ಎರಡು ಮಂಚವೂ ಎದುರುಬದುರು ಸೋಫಾ, ಓಣಿ ಕಾಲಿಡುವ ಜಾಗ. ಉದ್ದನೆಯ ಸಾಮಾನು ಹಿಂಬಾಗಿಲಿಂದ ಓಣಿಗೆ ತಳ್ಳಬಹುದು. ನಾವು ಆರಿಸಿದ್ದು ಇದನ್ನು, 6.36 ಮೀಟರಿನ ವ್ಯಾನಿನಲ್ಲಿ. ಹಿಂಬಾಗಿಲನ್ನು ಒಳಗಿನಿಂದ ತೆರೆಯುವ ಹಿಡಿ ಪ್ಯಾನೆಲ್ ಹಿಂದೆ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಬೆಂಕಿಯೋ ಗ್ಯಾಸ್ ಸೋರಿಕೆಯೋ ಆದರೆ ಓಣಿಯ ತುದಿಯೇ ಎರಡನೇ ಬಾಗಿಲು.

ತಗ್ಗು ಮಂಚದ ಕೆಳಗಿನ ಪೆಟ್ಟಿಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಹಾಸಿಗೆಯ ಮೇಲ್ಮೈ ನೆಲದಿಂದ 50 ಸೆಂ.ಮೀ.: 12 ಹಾಸಿಗೆ, 3 ಮರದ ಪಟ್ಟಿಗಳು, 35 ಪೆಟ್ಟಿಗೆ. ಚಕ್ರದ ಗೂಡುಗಳ ನಡುವಿನ ಅಂತರ 1.42 ಮೀ. ಇರುವುದರಿಂದ ಪ್ರತಿ ಗೂಡೂ ತಗಡಿನಿಂದ ಇಪ್ಪತ್ತೆರಡೂವರೆ ಸೆಂ.ಮೀ. ಒಳಕ್ಕೆ ಚಾಚಿರುತ್ತದೆ. ಅದರಲ್ಲಿ ಮೂರೂವರೆ ಗೋಡೆಯ ಪ್ಯಾನೆಲ್‌ನೊಳಗೇ ಹೋಗುವುದರಿಂದ 68ರ ಮಂಚದ ಕೆಳಗೆ ಆ ಜಾಗದಲ್ಲಿ ಕೈಗೆ ಸಿಗುವ ಅಗಲ ಸುಮಾರು 49. ಅಂಗಡಿಯಲ್ಲಿ ನೋಡಿದ ಡಬ್ಬಿ ಇಲ್ಲಿ ಕೂರದಿರುವುದು ಇದೇ ಕಾರಣಕ್ಕೆ. ಬ್ಯಾಟರಿ, ಇನ್ವರ್ಟರ್ ಒಂದು ಬದಿಯ ಗೂಡಿನ ಮುಂದೆ, ನೀರಿನ ಟ್ಯಾಂಕ್ ಇನ್ನೊಂದು ಬದಿಯಲ್ಲಿ, ಹೀಟರ್ ಗೂಡಿನ ಹಿಂದೆ ಬರುವಂತೆ ಹಂಚಿದರೆ ಎಡಬಲ ತೂಕ ಸರಿಹೋಗುತ್ತದೆ. ಹೀಟರ್ ಮೇಲೆ ಮಲಗುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿ. ಫ್ಯಾನ್ ಸದ್ದು ಆ ಮಂಚಕ್ಕೇ ಹೆಚ್ಚು. ಕಂಪ್ರೆಸರ್ ಫ್ರಿಜ್ ತಲೆಯ ಪಕ್ಕ ಬಂದರೂ ಅದೇ ಕಥೆ, ಅದನ್ನು ಕಾಲಿನ ಕಡೆಗೆ ಇಡುವ ನಕ್ಷೆ ಹುಡುಕಿ. ಪೆಟ್ಟಿಗೆಯ ಮುಚ್ಚಳ ಮೇಲಿನಿಂದ ಮಾತ್ರ ತೆರೆಯುವುದಾದರೆ ಪ್ರತಿ ಸಲ ಹಾಸಿಗೆ ಎತ್ತಬೇಕು. ಓಣಿಯ ಬದಿಗೂ ಚಿಕ್ಕ ಬಾಗಿಲು ಬೇಕು, ಅದು ಕೆಳಕ್ಕೆ ಮಡಚುವುದಲ್ಲ, ಜಾರುವುದಾಗಿರಲಿ. 44 ಸೆಂ.ಮೀ. ಓಣಿಯಲ್ಲಿ ಮಡಚುವ ಬಾಗಿಲು ತೆರೆದರೆ ನಿಲ್ಲಲು ಜಾಗವಿಲ್ಲ.

ಓಣಿಗೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಮೂರನೇ ದಿಂಬು ತುಂಬಿ ಎರಡು ಮಂಚವನ್ನು ಒಂದು ಮಾಡಬಹುದು ಎಂದು ಬಹುತೇಕ ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಆಗುತ್ತದೆ. ಆ ಹಲಗೆಯನ್ನು ಹೊರುವ ಅಂಚು ಎರಡೂ ಬದಿಯಲ್ಲಿ ಕನಿಷ್ಠ 2 ಸೆಂ.ಮೀ. ಇರಬೇಕು, ಮತ್ತು ದಿಂಬಿನ ಫೋಮ್ ಮಂಚದ ಫೋಮಿನಷ್ಟೇ ಗಟ್ಟಿ ಇರಬೇಕು. ಮೆತ್ತಗಿದ್ದರೆ ನಡುವೆ ಹಳ್ಳ, ಗಟ್ಟಿಯಿದ್ದರೆ ದಿಣ್ಣೆ. ಮುಖ್ಯವಾಗಿ, ಹಗಲಲ್ಲಿ ಅದನ್ನು ಎಲ್ಲಿಡುತ್ತೀರಿ? ಸೋಫಾದ ಒರಗು ದಿಂಬಾಗಿ ಬಳಸುವ ಹಾಗಿದ್ದರೆ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದು ದಿನವಿಡೀ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಹಗಲು ಸೋಫಾ, ರಾತ್ರಿ ಮಂಚವಾಗುವ ನಕ್ಷೆಗಳಲ್ಲಿ ಸೀಟಿನ ಮುಂದಂಚು ಮೊಣಕಾಲಿಗೆ ಹಿತವಾಗಲೆಂದು ಉಬ್ಬಿರುತ್ತದೆ. ಕೂರಲು ಸುಖ, ಮಲಗಿದರೆ ಸೊಂಟಕ್ಕೆ ಒತ್ತುತ್ತದೆ. ನಮ್ಮದು ಚಪ್ಪಟೆ ಫೋಮ್, ಸ್ವಲ್ಪ ಗಟ್ಟಿ.

ಹಾಸಿಗೆಯನ್ನು ಬರೀ ಪ್ಲೈವುಡ್ ಮೇಲೆ ಹಾಸಿದ ನಕ್ಷೆ ಬೇಡವೇ ಬೇಡ. ಮೈಯ ಆವಿ ಫೋಮ್ ದಾಟಿ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ, ಕೆಲವೇ ವಾರಗಳಲ್ಲಿ ಕಪ್ಪು ಬೂಷ್ಟು. ಮರದ ಪಟ್ಟಿಗಳ ನಡುವೆ ಐದಾರು ಸೆಂ.ಮೀ. ಅಂತರವಿರಲಿ, ಗೋಡೆ ಮತ್ತು ಹಾಸಿಗೆಯ ನಡುವೆಯೂ ಒಂದೆರಡು ಸೆಂ.ಮೀ. ಗಾಳಿಯಾಡಲಿ. ಜೋಡಿ ಮಂಚದಲ್ಲಿ ಇಬ್ಬರೂ ಗೋಡೆ ಪಕ್ಕವೇ ಮಲಗುವುದರಿಂದ ಇದು ಇಬ್ಬರಿಗೂ ಅನ್ವಯ.

ಗಾಡಿ ನಿಲ್ಲಿಸಿದ ನೆಲ ಓರೆಯಾಗಿದ್ದರೆ ಉದ್ದುದ್ದದ ಮಂಚಕ್ಕೆ ಒಂದು ಅನುಕೂಲವಿದೆ. ಹಿಂದು-ಮುಂದಿನ ಓರೆಗೆ ದಿಂಬನ್ನು ಎತ್ತರದ ತುದಿಗೆ ಹಾಕಿಕೊಂಡರೆ ಮುಗಿಯಿತು. ಅದಕ್ಕಾಗಿ ಓದುವ ದೀಪ, ಸ್ವಿಚ್, ಚಾರ್ಜಿಂಗ್ ಪಾಯಿಂಟ್ ಮಂಚದ ಎರಡೂ ತುದಿಯಲ್ಲಿ ಇರಬೇಕು, ತಂತಿ ಎಳೆಯುವ ಹಂತದಲ್ಲೇ ಹೇಳಿದರೆ ಹೆಚ್ಚಿನ ಕೆಲಸವಲ್ಲ. ಎಡಬಲದ ಓರೆ ಮಾತ್ರ ಕಾಟ: ಒಬ್ಬರು ಗೋಡೆಗೆ ಒತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಓಣಿಗೆ ಜಾರುತ್ತಾರೆ. 2 ಡಿಗ್ರಿ ಓರೆಗೆ ಚಕ್ರದ ಕೆಳಗೆ ಸುಮಾರು 6 ಸೆಂ.ಮೀ. ಎತ್ತರದ ರ್‍ಯಾಂಪ್ ಬೇಕು.

ನಕ್ಷೆ ಕೈಗೆ ಬಂದ ಮೇಲೆ ನೆಲದ ಮೇಲೆ ಚಾಕ್‌ಪೀಸಿನಿಂದ ನಿಜವಾದ ಅಳತೆಯಲ್ಲಿ ಗೆರೆ ಎಳೆಯಿರಿ. ಚಕ್ರದ ಗೂಡು, ಜಾರುಬಾಗಿಲು, ಬಾತ್‌ರೂಮ್ ಬಾಗಿಲು ತೆರೆದಾಗ ಸುತ್ತುವ ಕಮಾನು ಎಲ್ಲ ಬರಲಿ. ಗೋಡೆಯ ಗೆರೆಯ ಮೇಲೆ ಕುರ್ಚಿ, ರಟ್ಟಿನ ಪೆಟ್ಟಿಗೆ ಸಾಲಾಗಿ ಇಡಿ, ಇಲ್ಲದಿದ್ದರೆ ಗೊತ್ತಿಲ್ಲದೆ ಗೋಡೆಯೊಳಗೇ ಓಡಾಡುತ್ತೀರಿ. ಆಮೇಲೆ ಇಬ್ಬರೂ ಒಟ್ಟಿಗೆ ನಿಂತು ಮಾಡಿ ನೋಡಬೇಕಾದದ್ದು: ಒಬ್ಬರು ಮಂಚದ ಅಂಚಿಗೆ ಕೂತು ಶೂ ಹಾಕಿಕೊಳ್ಳುವಾಗ ಇನ್ನೊಬ್ಬರು ದಾಟಬಲ್ಲರೇ? ಮಲಗಿದವರ ಕೈ ಓಣಿಗೆ ಚಾಚಿದ್ದಾಗ ಬಾತ್‌ರೂಮಿಗೆ ಹೋಗಬಹುದೇ? ಮುಂದಿನ ಸೀಟು ತಿರುಗಿಸುವಾಗ ಹ್ಯಾಂಡ್‌ಬ್ರೇಕ್ ಅಡ್ಡ ಬರುತ್ತದೆಯೇ ಎಂಬುದನ್ನು ಮಾತ್ರ ನಿಜವಾದ ಗಾಡಿಯಲ್ಲೇ, ಬಾಗಿಲು ಮುಚ್ಚಿ, ಪರೀಕ್ಷಿಸಬೇಕು.

ಕೊನೆಗೆ ತೂಕ. ಯುರೋಪಿನಲ್ಲಿ ಕಾರು ಓಡಿಸುವ ಸಾಮಾನ್ಯ ಬಿ ವರ್ಗದ ಲೈಸೆನ್ಸಿಗೆ ಹೊಂದಲೆಂದೇ ಹೆಚ್ಚಿನ ಸಣ್ಣ ಮೋಟರ್‌ಹೋಮ್‌ಗಳ ಒಟ್ಟು ತೂಕವನ್ನು 3500 ಕೆ.ಜಿ.ಗೆ ಕಟ್ಟಿರುತ್ತಾರೆ. 100 ಲೀಟರ್ ನೀರು ಎಂದರೆ 100 ಕೆ.ಜಿ. ಕ್ಯಾಟಲಾಗ್‌ನ ತೂಕದಲ್ಲಿ ಟ್ಯಾಂಕ್ ತುಂಬಿದ ಲೆಕ್ಕವೋ ಖಾಲಿಯ ಲೆಕ್ಕವೋ ಓದಿ ನೋಡಿ. ಎಷ್ಟೋ ಸಲ ಒಟ್ಟು ತೂಕಕ್ಕಿಂತ ಮೊದಲು ಮಿತಿ ಮೀರುವುದು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು). ಈ ವ್ಯಾನಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 4.035 ಮೀ. ಹಿಂದಿನ ಆಕ್ಸಲ್‌ಗಿಂತ 1.7 ಮೀ. ಹಿಂದೆ, ಬಾಗಿಲಿಗೆ ನೇತುಹಾಕಿದ ರ್‍ಯಾಕ್‌ನಲ್ಲಿ ಎರಡು ಎಲೆಕ್ಟ್ರಿಕ್ ಸೈಕಲ್ ಸೇರಿ 70 ಕೆ.ಜಿ. ಇದ್ದರೆ, ಹಿಂದಿನ ಆಕ್ಸಲ್ ಮೇಲೆ ಬೀಳುವುದು 70 ಅಲ್ಲ, 70 × 5.735 ÷ 4.035, ಅಂದರೆ ಸುಮಾರು 100 ಕೆ.ಜಿ. ಹೆಚ್ಚುವರಿ 30 ಮುಂದಿನ ಆಕ್ಸಲ್‌ನಿಂದ ಎತ್ತಿಕೊಂಡದ್ದು. ಮುಂದಿನ ಚಕ್ರವೇ ಎಳೆಯುವ ಗಾಡಿಯಾದ್ದರಿಂದ ಒದ್ದೆ ಹುಲ್ಲಿನಲ್ಲಿ ಚಕ್ರ ಹಿಡಿತ ತಪ್ಪಿ ನಿಂತಲ್ಲೇ ಸುತ್ತತೊಡಗುತ್ತದೆ. ಹಿಂದೆ ಬಾತ್‌ರೂಮ್ ಇರುವ ನಕ್ಷೆಗೂ, ದೊಡ್ಡ ಗ್ಯಾರೇಜ್ ಇರುವುದಕ್ಕೂ ಇದೇ ಲೆಕ್ಕ. ನೀರು, ಗ್ಯಾಸ್, ಸಾಮಾನು ತುಂಬಿ, ಇಬ್ಬರೂ ಒಳಗೆ ಕೂತು, ತೂಕದ ಸೇತುವೆಯ (ವೇಬ್ರಿಡ್ಜ್) ಮೇಲೆ ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳು ಮಾತ್ರ ನಿಲ್ಲುವಂತೆ ಇನ್ನೊಮ್ಮೆ ತೂಗಿಸಿ, ಎರಡನ್ನೂ ಗಾಡಿಯ ಗುರುತಿನ ತಗಡಿನ ಮೇಲೆ ಅಚ್ಚಾದ ಮಿತಿಯೊಂದಿಗೆ ಹೋಲಿಸಿ.