ಮೊದಲ ಕ್ಲೈಂಟ್ ಬರುವ ಮುನ್ನ ಕೌನ್ಸೆಲರ್ ಮಾಡಿಕೊಳ್ಳಬೇಕಾದ ತಯಾರಿ

ಕೌನ್ಸೆಲಿಂಗ್ ಕೋರ್ಸ್ ಮುಗಿಸಿ ಕೆಲಸ ಶುರು ಮಾಡುವವರು ಸಾಮಾನ್ಯವಾಗಿ ಕೇಳುವುದು ಹೀಗೆ: 'ಮುಂದಿನ ವಾರದಿಂದ ಕ್ಲೈಂಟ್‌ಗಳು ಬರ್ತಾರೆ, ಅಷ್ಟರೊಳಗೆ ಏನು ಓದಲಿ?' ಓದುವುದನ್ನೆಲ್ಲ ಓದಿಯೇ ಬಂದಿರುತ್ತಾರೆ. ಹೊಸಬರಿಗೆ ಅಣಕು ಸೆಷನ್ ಮಾಡಿಸುವ ನನಗೆ ಕಾಣುವ ಕೊರತೆ ಬೇರೆ. ಮೊದಲ ಸೆಷನ್ನಿನ ಮೊದಲ ಹತ್ತು ನಿಮಿಷದಲ್ಲಿ ಹೇಳಲೇಬೇಕಾದ ಕೆಲವು ಮಾತುಗಳಿವೆ. ಅವನ್ನು ಯಾರೂ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿರುವುದಿಲ್ಲ. ಕ್ಲೈಂಟ್ ಎದುರಿಗೆ ಮೊದಲ ಸಲ ಬಾಯಿ ತೆರೆದಾಗ ಒಂದೋ ತೊದಲುತ್ತಾರೆ, ಇಲ್ಲವೇ ಉಳಿಸಿಕೊಳ್ಳಲಾಗದ ಮಾತು ಕೊಟ್ಟುಬಿಡುತ್ತಾರೆ.

ಹಾಗಾಗಿ ಇಲ್ಲಿ ಆ ಹಂತಕ್ಕೇ ಜಾಸ್ತಿ ಜಾಗ. ಉಳಿದವನ್ನು ಬೇಗ ಮುಗಿಸೋಣ.

1. ಕೋಣೆ

ಒಂದೇ ಎತ್ತರದ ಎರಡು ಕುರ್ಚಿ, ಎದುರುಬದುರಾಗಿ ಬೇಡ, ಸ್ವಲ್ಪ ಓರೆಯಾಗಿ. ನಿಮಗೆ ಕತ್ತೆತ್ತದೆ ಕಾಣುವ ಹಾಗೆ ಗಡಿಯಾರ. ಕೈಗೆಟಕುವಲ್ಲಿ ಟಿಶ್ಯೂ ಪೇಪರ್. ಅಷ್ಟು ಸಾಕು. ಸ್ಫೂರ್ತಿ ಕೊಡುವ ಮಾತುಗಳ ಪೋಸ್ಟರ್ ದಯವಿಟ್ಟು ಬೇಡ. ನಿದ್ದೆಯಿಲ್ಲದೆ ಬಂದು ಕೂತವರಿಗೆ 'ನಗುತ್ತಾ ಇರಿ' ಎಂಬ ಗೋಡೆಬರಹ ಓದಿಸುವುದು ಕ್ರೌರ್ಯ. ಆ ದುಡ್ಡು ಬಾಗಿಲಿನ ಸಂದಿ ಮುಚ್ಚಿಸಲು ಖರ್ಚಾಗಲಿ. ನೀವು ಒಳಗೆ ಕೂತು ಮಾಮೂಲಿ ದನಿಯಲ್ಲಿ ಮಾತಾಡಿ, ಸ್ನೇಹಿತರೊಬ್ಬರನ್ನು ಹೊರಗೆ ನಿಲ್ಲಿಸಿ. ಅವರಿಗೆ ಒಂದು ಪದ ಕೇಳಿಸಿದರೂ ಕೋಣೆ ಇನ್ನೂ ತಯಾರಾಗಿಲ್ಲ.

2. ಯಾರನ್ನು ತೆಗೆದುಕೊಳ್ಳುವುದಿಲ್ಲ

ಇದನ್ನು ಮೊದಲೇ ಬರೆದಿಡಿ. ನೆಂಟರು, ಗೆಳೆಯರು, ಜೊತೆ ಕೆಲಸ ಮಾಡುವವರು ಈ ಪಟ್ಟಿಯಲ್ಲಿ ಮೊದಲು ಬರಬೇಕು. ಆಮೇಲೆ ನಿಮ್ಮ ತರಬೇತಿಗೆ ಮೀರಿದ್ದು: ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ ಎನ್ನುವವರು, ಕುಡಿತ ನಿಲ್ಲಿಸಿದ ಕೂಡಲೇ ಮೈ ನಡುಗುವವರು, ಊಟ ಬಿಟ್ಟು ತೂಕ ಇಳಿಯುತ್ತಿರುವವರು. ಇವರಿಗೆಲ್ಲ ಮೊದಲು ವೈದ್ಯರು ಬೇಕು. 'ಸದಾ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ' ಎನ್ನುವವರಿಗೂ ರಕ್ತ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಥೈರಾಯ್ಡ್ ಕಡಿಮೆಯಾದಾಗಲೂ ಖಿನ್ನತೆಯ ಹಾಗೇ ಕಾಣುತ್ತದೆ.

ಕಳಿಸಿಕೊಡಲು ಸೈಕಿಯಾಟ್ರಿಸ್ಟ್, ಜನರಲ್ ಡಾಕ್ಟರ್, ಹತ್ತಿರದ ತುರ್ತು ಚಿಕಿತ್ಸೆ ವಿಭಾಗ, ರಾತ್ರಿಯೂ ಸಿಗುವ ಸಹಾಯವಾಣಿ, ಇಷ್ಟರ ನಂಬರ್ ಬೇಕು. ಪ್ರತಿಯೊಂದಕ್ಕೂ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಹೊಸಬರನ್ನು ತೆಗೆದುಕೊಳ್ಳುತ್ತಾರಾ, ಎಷ್ಟು ದಿನ ಕಾಯಬೇಕು, ಎಲ್ಲ ಕೇಳಿಕೊಳ್ಳಿ. ನೀವು ಯಾವತ್ತೂ ಫೋನ್ ಮಾಡದ ನಂಬರನ್ನು ಕಷ್ಟದಲ್ಲಿರುವವರ ಕೈಗೆ ಕೊಡಬೇಡಿ.

3. ಸೂಪರ್‌ವೈಸರ್

ನಿಮ್ಮ ಕೆಲಸ ಸರಿ ಇದೆಯಾ ಎಂದು ನೋಡಿ ದಾರಿ ತೋರಿಸುವ ಹಿರಿಯರು ಇವರು. ಮೊದಲ ಕ್ಲೈಂಟ್‌ಗಿಂತ ಮೊದಲು ಇವರು ಗೊತ್ತಾಗಿರಬೇಕು. ಶುರುವಿನಲ್ಲಿ ವಾರಕ್ಕೊಮ್ಮೆ ಕೂರಲೇಬೇಕು, ತಿಂಗಳಿಗೊಮ್ಮೆ ಸಾಲದು. ಅವರು ರಜೆಯಲ್ಲಿದ್ದಾಗ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಈಗಲೇ ಕೇಳಿಕೊಳ್ಳಿ.

4. ಕಾಗದಪತ್ರ

ಒಪ್ಪಿಗೆ ಪತ್ರ ಎರಡು ಪುಟ ಮೀರದಿರಲಿ, ಕ್ಲೈಂಟ್ ಮನೆಯಲ್ಲಿ ಆಡುವ ಭಾಷೆಯಲ್ಲಿರಲಿ. ನೀವು ಯಾರು, ಏನು ಓದಿದ್ದೀರಿ, ಸೆಷನ್ ಎಷ್ಟು ಹೊತ್ತು (45ರಿಂದ 50 ನಿಮಿಷ ವಾಡಿಕೆ), ಫೀಸ್ ಎಷ್ಟು, ಬರಲಾಗದಿದ್ದರೆ ಯಾವಾಗ ತಿಳಿಸಬೇಕು, ನೋಟ್ಸ್ ಎಲ್ಲಿರುತ್ತದೆ, ದೂರು ಇದ್ದರೆ ಯಾರಿಗೆ ಕೊಡಬೇಕು, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂಬುದು, ಇವೆಲ್ಲ ಅದರಲ್ಲಿ ಬರಬೇಕು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ನಮೂನೆಯನ್ನು ಹಾಗೇ ಬಳಸುವವರು ಬಹಳ. ಯಾವುದೋ ದೇಶದ ಕಾನೂನಿನ ಹೆಸರು ಅದರಲ್ಲಿ ಉಳಿದುಹೋಗಿರುತ್ತದೆ. ಕ್ಲೈಂಟ್ ಅದಕ್ಕೆ ಸಹಿಯನ್ನೂ ಹಾಕಿರುತ್ತಾರೆ!

ಪ್ರಶ್ನಾವಳಿ ಬೇಕೆಂದರೆ ಖಿನ್ನತೆಗೆ ಪಿಎಚ್‌ಕ್ಯು-9, ಆತಂಕಕ್ಕೆ ಜಿಎಡಿ-7 ಇವೆ. ಮೊದಲನೆಯದು 2001ರಲ್ಲಿ, ಎರಡನೆಯದು 2006ರಲ್ಲಿ ಬಂದದ್ದು. ಎರಡೂ ಉಚಿತ. ಎರಡೂ ಕಳೆದ ಎರಡು ವಾರದ ಬಗ್ಗೆ ಕೇಳುತ್ತವೆ. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಬೇಕು ಎಂದು ಅರ್ಥ. ರೋಗ ಇದೆ ಎಂಬ ತೀರ್ಪು ಅದರಲ್ಲಿಲ್ಲ.

ಇಲ್ಲೊಂದು ಗುಂಡಿ ಇದೆ. ಪಿಎಚ್‌ಕ್ಯು-9ರ ಒಂಬತ್ತನೇ ಪ್ರಶ್ನೆ ಸಾವಿನ ಬಗ್ಗೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಹೊಸಬರು ಹಾಳೆ ತುಂಬಿಸಿಕೊಂಡು ಫೈಲಿಗೆ ಸೇರಿಸುತ್ತಾರೆ, ಸಂಜೆ ಕೂತು ಅಂಕ ಕೂಡುತ್ತಾರೆ. ಅಷ್ಟರಲ್ಲಿ ಆ ವ್ಯಕ್ತಿ ಮನೆಗೆ ಹೋಗಿ ಆಗಿದೆ. ಒಂಬತ್ತನೇ ಸಾಲನ್ನು ಅವರು ಎದುರಿಗಿದ್ದಾಗಲೇ ನೋಡಲು ಆಗದಿದ್ದರೆ ಆ ಹಾಳೆಯನ್ನು ಕೊಡಲೇಬೇಡಿ.

5. ಫೋನ್ ಮಾತು

ಮೊದಲ ಸೆಷನ್ನಿಗೆ ಮುಂಚೆ ಕ್ಲೈಂಟ್ ಜೊತೆ ಫೋನಿನಲ್ಲಿ ಆಡುವ ಮಾತಿಗೆ ಹತ್ತು ನಿಮಿಷ ಸಾಕು. ಕಥೆ ಪೂರ್ತಿ ಕೇಳಲು ಹೋಗಬೇಡಿ. 'ಈ ನಂಬರಿಗೆ ನಾನು ಫೋನ್ ಮಾಡಬಹುದಾ? ಬೇರೆ ಯಾರಾದರೂ ಎತ್ತಿದರೆ ಏನು ಹೇಳಲಿ? ಮೆಸೇಜ್ ಬೇರೆಯವರು ನೋಡ್ತಾರಾ?' ಈ ಮೂರನ್ನು ಮಾತ್ರ ಬಿಡಬೇಡಿ. ಗಂಡನ ಕಣ್ಣು ತಪ್ಪಿಸಿ ಬರುವ ಹೆಂಡತಿಯ ಫೋನಿಗೆ 'ನಾಳೆ 4 ಗಂಟೆಗೆ ನಿಮ್ಮ ಕೌನ್ಸೆಲಿಂಗ್ ಇದೆ' ಎಂಬ ಮೆಸೇಜ್ ಹೋದರೆ ಏನಾದೀತು, ಯೋಚಿಸಿ.

6. ಗುಟ್ಟಿನ ಮಾತು

ಈಗ ಕಷ್ಟದ ಹಂತ. ಗೋಪ್ಯತೆ ಬಗ್ಗೆ ಕ್ಲೈಂಟ್‌ಗೆ ಹೇಳಿ ಎಂದರೆ ಹತ್ತರಲ್ಲಿ ಎಂಟು ಜನ 'ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಚಿಂತೆ ಮಾಡಬೇಡಿ' ಎನ್ನುತ್ತಾರೆ. ಕೇಳಲು ಹಿತವಾಗಿದೆ, ಆದರೆ ನಿಜವಲ್ಲ. ಪ್ರಾಣಕ್ಕೆ ಅಪಾಯ ಎಂದಾಗ ನೀವು ಬೇರೆಯವರಿಗೆ ಹೇಳಲೇಬೇಕಾಗುತ್ತದೆ. ಆ ದಿನ ಕ್ಲೈಂಟ್ ಕಣ್ಣಲ್ಲಿ ನೀವು ಮಾತಿಗೆ ತಪ್ಪಿದವರು.

ಅಮೆರಿಕದ ತರಾಸಾಫ್ ಪ್ರಕರಣ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರೊಬ್ಬರ ಹತ್ತಿರ ಬರುತ್ತಿದ್ದ ವಿದ್ಯಾರ್ಥಿ, ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಎಂದು ಹೇಳಿದ್ದ. ಮನಶ್ಶಾಸ್ತ್ರಜ್ಞರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು, ಹುಡುಗಿಗಾಗಲೀ ಅವಳ ಮನೆಯವರಿಗಾಗಲೀ ಯಾರೂ ಹೇಳಲಿಲ್ಲ. 1969ರಲ್ಲಿ ಅವಳ ಕೊಲೆಯಾಯಿತು. ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳುವ ಹೊಣೆ ಚಿಕಿತ್ಸಕರಿಗೂ ಇದೆ ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ಪ್ರತಿ ದೇಶದ ಕಾನೂನು ಬೇರೆ. ನೀವು ಕೆಲಸ ಮಾಡುವ ಜಾಗದಲ್ಲಿ ಏನು ಹೇಳಲೇಬೇಕು, ಯಾರಿಗೆ ಹೇಳಬೇಕು, ಮಕ್ಕಳ ಮೇಲಿನ ದೌರ್ಜನ್ಯ ಗೊತ್ತಾದರೆ ಎಷ್ಟು ಬೇಗ ವರದಿ ಮಾಡಬೇಕು, ಇದನ್ನು ಸೂಪರ್‌ವೈಸರ್ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಆಮೇಲೆ ಅದನ್ನು ಮಾತಾಗಿಸಿ. ನಾನು ಹೇಳಿಕೊಡುವುದು ಹೆಚ್ಚುಕಡಿಮೆ ಹೀಗೆ:

'ನೀವು ಇಲ್ಲಿ ಹೇಳಿದ್ದನ್ನ ನಾನು ಹೊರಗೆ ಹೇಳೋದಿಲ್ಲ. ನಿಮ್ಮ ಮನೆಯವರು ಫೋನ್ ಮಾಡಿ ಕೇಳಿದ್ರೂ, ನೀವು ಇಲ್ಲಿಗೆ ಬರ್ತೀರಾ ಇಲ್ವಾ ಅನ್ನೋದನ್ನೂ ಹೇಳಲ್ಲ. ಆದರೆ ಕೆಲವು ಸಂದರ್ಭದಲ್ಲಿ ಹೇಳಬೇಕಾಗುತ್ತೆ. ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ನಿಮ್ಮಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ಅನ್ನಿಸಿದರೆ, ಯಾವುದಾದರೂ ಮಗುವಿಗೆ ಹಿಂಸೆ ಆಗ್ತಿದೆ ಅಂತ ಗೊತ್ತಾದರೆ, ಕೋರ್ಟ್ ಆದೇಶ ಬಂದರೆ. ಅಂಥ ಸಮಯದಲ್ಲೂ ಆದಷ್ಟು ಮೊದಲು ನಿಮಗೇ ತಿಳಿಸ್ತೀನಿ. ಇನ್ನೊಂದು ವಿಷಯ, ನನ್ನ ಕೆಲಸ ಸರಿ ಇದೆಯಾ ಅಂತ ನೋಡೋ ಹಿರಿಯರೊಬ್ಬರಿದ್ದಾರೆ. ಅವರ ಹತ್ರ ಮಾತಾಡ್ತೀನಿ, ನಿಮ್ಮ ಹೆಸರು ಹೇಳಲ್ಲ.'

ಇಷ್ಟು ಹೇಳಲು ಎರಡು ನಿಮಿಷವೂ ಬೇಡ. ಗೋಡೆ ನೋಡಿಕೊಂಡು ಜೋರಾಗಿ ಹೇಳಿ. ನಿಮ್ಮದೇ ಮಾತು ಅನ್ನಿಸುವವರೆಗೆ ಪದ ಬದಲಾಯಿಸಿ. ಗಿಳಿಪಾಠ ಆದರೆ ಕ್ಲೈಂಟ್‌ಗೆ ಅದು ಬ್ಯಾಂಕಿನ ನಿಯಮಾವಳಿ ಓದಿದ ಹಾಗೆ ಕೇಳಿಸುತ್ತದೆ.

ಹೇಳಿಯಾದ ಮೇಲೆ 'ಅರ್ಥ ಆಯ್ತಾ?' ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ 'ಹೂಂ' ಎನ್ನುತ್ತಾರೆ. 'ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ಕೋಬೇಕು. ಯಾವಾಗ ನಾನು ಬೇರೆಯವರಿಗೆ ಹೇಳಬಹುದು ಅಂತ ನಿಮಗನ್ನಿಸ್ತು?' ಎಂದು ಕೇಳಿ, ಸುಮ್ನೆ ಕಾಯಿರಿ. ಆಗ ನಿಜವಾದ ಪ್ರಶ್ನೆ ಹೊರಬರುತ್ತದೆ. 'ಅಂದ್ರೆ, ನಾನು ಸಿಗರೇಟ್ ಸೇದೋದನ್ನ ಅಪ್ಪಂಗೆ ಹೇಳ್ತೀರಾ?' ಅಥವಾ 'ಆಫೀಸಿನವರೇ ಫೀಸ್ ಕಟ್ತಾರಲ್ಲ, ಅವರಿಗೆ ವರದಿ ಹೋಗುತ್ತಾ?' ದುಡ್ಡು ಕೊಡುವವರು ಬೇರೆಯಾಗಿದ್ದರೆ, ಕ್ಲೈಂಟ್ ಚಿಕ್ಕ ವಯಸ್ಸಿನವರಾಗಿದ್ದರೆ, ಯಾರಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಮೂವರೂ ಕೂತಿರುವಾಗಲೇ ಒಮ್ಮೆ ಹೇಳಿಬಿಡಿ.

ಇದನ್ನು ಹೇಳಬೇಕಾದದ್ದು ಕಥೆ ಶುರುವಾಗುವ ಮುಂಚೆ. ಅರ್ಧ ಹೇಳಿಕೊಂಡಾದ ಮೇಲೆ ನಿಯಮ ತೆಗೆದರೆ ಬಲೆಗೆ ಬಿದ್ದ ಹಾಗನ್ನಿಸುತ್ತದೆ. ಕೆಲವರು ಬಾಗಿಲಲ್ಲೇ ಅಳುತ್ತಾ ಬರುತ್ತಾರೆ, ಅಂಥವರ ಮುಂದೆ ಕಾಗದ ಹಿಡಿಯಬೇಡಿ. ಐದು ನಿಮಿಷ ಕೂರಲು ಬಿಡಿ, ನೀರು ಕೊಡಿ. ಉಸಿರು ಒಂದು ಹದಕ್ಕೆ ಬಂದ ಮೇಲೆ, 'ಮುಂದೆ ಹೇಳೋ ಮುಂಚೆ ನಾನು ಒಂದೆರಡು ಮಾತು ಹೇಳಬೇಕು' ಎನ್ನಿ.

'ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ, ಆಮೇಲೆ ಹೇಳ್ತೀನಿ' ಎನ್ನುವವರೂ ಸಿಗುತ್ತಾರೆ. ಹೊಸಬರು ಕರಗಿಬಿಡುವುದು ಇಲ್ಲೇ. 'ಹಾಗೆ ಮಾತು ಕೊಟ್ಟರೆ ಸುಳ್ಳು ಹೇಳಿದ ಹಾಗಾಗುತ್ತೆ. ನಿಮಗೆ ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ. ಎಷ್ಟು ಹೇಳಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ' ಎನ್ನಿ. ಕೆಲವರು ಆವತ್ತು ಹೇಳುವುದಿಲ್ಲ. ಪರವಾಗಿಲ್ಲ.

7. ಸಾವಿನ ಪ್ರಶ್ನೆ

ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂಬ ಹೆದರಿಕೆ ಬಹಳ ಜನರಿಗಿದೆ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಕೇಳಬೇಕು, ನೇರವಾಗಿ ಕೇಳಬೇಕು.

ಕೇಳುವ ರೀತಿಯಲ್ಲೇ ಎಡವಟ್ಟಾಗುತ್ತದೆ. 'ಅಂಥದ್ದೇನೂ ಮಾಡ್ಕೊಳಲ್ಲ ಅಲ್ವಾ?' ಈ ಪ್ರಶ್ನೆ 'ಇಲ್ಲ' ಎಂಬ ಉತ್ತರವನ್ನು ತಾನೇ ಕೈಗೆ ಕೊಡುತ್ತದೆ. ಕೇಳುವವರಿಗೇ ಭಯ ಇದೆ ಎಂಬುದು ಎದುರಿನವರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಅವರು ನಿಮ್ಮನ್ನು ಸಮಾಧಾನ ಮಾಡಲು 'ಇಲ್ಲ ಇಲ್ಲ' ಎನ್ನುತ್ತಾರೆ. 'ಇಷ್ಟು ಕಷ್ಟ ಇದ್ದಾಗ ಕೆಲವರಿಗೆ ಸಾಯೋ ಯೋಚನೆ ಬರುತ್ತೆ. ನಿಮಗೆ ಬಂದಿದೆಯಾ?' ಎಂದು ಕೇಳಿ. ಬಂದಿದೆ ಎಂದರೆ ಮುಖ ಗಾಬರಿಯಾಗದಿರಲಿ. ಎಷ್ಟು ಸಲ ಬರುತ್ತೆ, ಹೇಗೆ ಅಂತ ಯೋಚಿಸಿದ್ದೀರಾ, ಅದಕ್ಕೆ ಬೇಕಾದ್ದು ಹತ್ತಿರದಲ್ಲಿದೆಯಾ, ಹಿಂದೆ ಪ್ರಯತ್ನ ಮಾಡಿದ್ದಿರಾ, ಇಷ್ಟು ದಿನ ತಡೆದಿದ್ದು ಏನು ಎಂದು ಒಂದೊಂದಾಗಿ ಕೇಳಿ. 'ಆತ್ಮಹತ್ಯೆ' ಎಂಬ ಪದ ನಿಮ್ಮ ಬಾಯಲ್ಲಿ ಸಲೀಸಾಗಿ ಬರುತ್ತಾ? ಬರದಿದ್ದರೆ ಅದಕ್ಕೂ ಮನೆಯಲ್ಲೇ ಅಭ್ಯಾಸ ಬೇಕು.

'ನಾನು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ' ಎಂದು ಬರೆಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ಕೆಲವು ಕಡೆ ಉಂಟು. ಅದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಕೌನ್ಸೆಲರ್‌ಗೆ ನಿದ್ದೆ ಬರುತ್ತದೆ, ಅಷ್ಟೇ. ಅದರ ಬದಲು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಕಲಿತುಕೊಳ್ಳಿ. ಆರು ಹಂತ, ಒಂದೇ ಹಾಳೆ: ಕೆಟ್ಟ ಗಳಿಗೆ ಬರುತ್ತಿದೆ ಎಂದು ತಿಳಿಸುವ ಸೂಚನೆಗಳು, ಒಬ್ಬರೇ ಮಾಡಬಹುದಾದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೈದ್ಯರು ಮತ್ತು ಸಹಾಯವಾಣಿ, ಕೊನೆಗೆ ಅಪಾಯದ ವಸ್ತುಗಳನ್ನು ದೂರ ಇಡುವುದು. ಕ್ಲೈಂಟ್ ಬಾಯಿಂದ ಬಂದ ಮಾತಲ್ಲೇ ತುಂಬಿಸಬೇಕು. ಖಾಲಿ ಪ್ರತಿಗಳು ಮೊದಲ ದಿನವೇ ಡ್ರಾಯರಿನಲ್ಲಿರಲಿ.

8. ನೋಟ್ಸ್

ಅದೇ ದಿನ ಬರೆದು ಮುಗಿಸಿ. 'ಅತ್ತೆ ಕೆಟ್ಟವರು' ಎಂದು ಬರೆಯಬೇಡಿ, 'ಅತ್ತೆ ಬೈಯುತ್ತಾರೆ ಎಂದು ಹೇಳಿದರು' ಎಂದು ಬರೆಯಿರಿ. ಫೈಲಿನ ಮೇಲೆ ಹೆಸರಿನ ಬದಲು ಸಂಖ್ಯೆ ಹಾಕಿ. ಹೆಸರಿನ ಪಟ್ಟಿಗೆ ಬೇರೆ ಬೀಗ. ಸೆಷನ್ ರೆಕಾರ್ಡ್ ಮಾಡಿ ತಾನೇ ಬರೆದುಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ದನಿ ಯಾವ ಸರ್ವರ್‌ಗೆ ಹೋಗುತ್ತದೆ, ಯಾವಾಗ ಅಳಿಸುತ್ತಾರೆ ಎಂದು ಕ್ಲೈಂಟ್‌ಗೆ ವಿವರಿಸಲು ನಿಮಗೆ ಬರುತ್ತದಾ? ಬರದಿದ್ದರೆ ಪೆನ್ನು ಸಾಕು.

ಆನ್‌ಲೈನ್ ಸೆಷನ್ ಇದ್ದರೆ ಪ್ರತಿ ಸಲ 'ಈಗ ಎಲ್ಲಿ ಕೂತಿದ್ದೀರಿ, ಪಕ್ಕದಲ್ಲಿ ಯಾರಾದರೂ ಇದ್ದಾರಾ' ಎಂದು ಕೇಳಿ, ವಿಳಾಸ ಬರೆದುಕೊಳ್ಳಿ. ಕ್ಲೈಂಟ್ ಇನ್ನೊಂದು ಊರಿನಲ್ಲಿದ್ದರೆ ಅಲ್ಲಿನ ತುರ್ತು ಸಹಾಯದ ನಂಬರ್ ಬೇಕು, ನಿಮ್ಮ ಊರಿನದು ಉಪಯೋಗಕ್ಕೆ ಬರುವುದಿಲ್ಲ.

9. ಆ ದಿನ

ಮೊದಲ ವಾರ ದಿನಕ್ಕೆ ಇಬ್ಬರಿಗಿಂತ ಹೆಚ್ಚು ಹೊಸಬರನ್ನು ಇಟ್ಟುಕೊಳ್ಳಬೇಡಿ, ನಡುವೆ ಅರ್ಧ ಗಂಟೆ ಬಿಡಿ. ಸಲಹೆ ಕೊಡುವ ಆತುರ ಬೇಡ. ಕ್ಲೈಂಟ್ ಮತ್ತು ಕೌನ್ಸೆಲರ್ ಸಂಬಂಧದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದ ಮೂರು ವಿಷಯ ನೆನಪಿದ್ದರೆ ಸಾಕು: ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಒಪ್ಪಿಗೆ, ಹೇಗೆ ಹೋಗಬೇಕು ಎಂಬುದರಲ್ಲಿ ಒಪ್ಪಿಗೆ, ಇಬ್ಬರ ನಡುವೆ ನಂಬಿಕೆ. ಮೊದಲ ಸೆಷನ್ನಿನಲ್ಲಿ ಇದರ ಒಂದು ತುದಿ ಸಿಕ್ಕರೂ ಒಳ್ಳೆಯದೇ.

ಹತ್ತು ನಿಮಿಷ ಉಳಿದಿರುವಾಗ 'ಇನ್ನು ಹತ್ತು ನಿಮಿಷ ಇದೆ, ನಾನು ಕೇಳದೇ ಬಿಟ್ಟಿದ್ದು ಏನಾದ್ರೂ ಇದೆಯಾ?' ಎಂದು ಕೇಳಿ. ಇಲ್ಲದಿದ್ದರೆ ದೊಡ್ಡ ವಿಷಯ ಬಾಗಿಲ ಚಿಲಕದ ಮೇಲೆ ಕೈ ಇಟ್ಟಾಗ ಹೊರಬರುತ್ತದೆ. ಹಾಗೂ ಬಂದರೆ, ಅದು ಪ್ರಾಣಾಪಾಯದ ಮಾತಾಗಿದ್ದರೆ ಸಮಯ ನೋಡದೆ ಕೂರಿಸಿ. ಉಳಿದದ್ದಾದರೆ 'ಮುಂದಿನ ಸಲ ಇದರಿಂದಲೇ ಶುರು ಮಾಡೋಣ' ಎಂದು ಹೇಳಿ ಬರೆದಿಟ್ಟುಕೊಳ್ಳಿ.

ಎರಡನೇ ಸೆಷನ್ನಿಗೆ ಬಾರದವರೂ ಇರುತ್ತಾರೆ. ಅವರು ಒಪ್ಪಿದ ನಂಬರಿಗೆ, ಒಪ್ಪಿದ ರೀತಿಯಲ್ಲಿ ಒಂದೇ ಮೆಸೇಜ್ ಕಳಿಸಿ: 'ಇವತ್ತು ಭೇಟಿ ಆಗಲಿಲ್ಲ. ಬೇರೆ ಸಮಯ ಬೇಕಾದರೆ ತಿಳಿಸಿ.' ಮೊದಲ ದಿನ ಅಪಾಯದ ಮಾತು ಬಂದಿದ್ದರೆ ಮಾತ್ರ ಅಷ್ಟಕ್ಕೇ ನಿಲ್ಲಿಸದೆ, ಆವತ್ತೇ ಸೂಪರ್‌ವೈಸರ್‌ಗೆ ಫೋನ್ ಮಾಡಿ.